ಸುಂಕ ಹಾಕಿದರಾಯಿತೇ, ವಸೂಲಿಗೆ ದೋಣಿ ಬೇಡವೇ?

2025ರ ಆಗಸ್ಟ್ ಕೊನೆಯ ವಾರ. ಅಮೆರಿಕದಲ್ಲಿರುವ ಮಕ್ಕಳಿಗೆ ಹಬ್ಬದ ಪಾರ್ಸೆಲ್ ಕಳಿಸೋಣ ಎಂದು ಅಂಚೆ ಕಚೇರಿಗೆ ಹೋದವರು ಡಬ್ಬಿ ಸಮೇತ ವಾಪಸ್ ಬರಬೇಕಾಯಿತು. 800 ಡಾಲರ್ ಒಳಗಿನ ಸಾಮಾನಿಗೆ ಸುಂಕ ಇಲ್ಲ ಎಂಬ ಹಳೆಯ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆದುಹಾಕಿತ್ತು. ನಮ್ಮ ಅಂಚೆ ಇಲಾಖೆ 25ರಿಂದಲೇ ಅಲ್ಲಿಗೆ ಹೋಗುವ ಹೆಚ್ಚಿನ ಪಾರ್ಸೆಲ್‌ಗಳ ಬುಕಿಂಗ್ ನಿಲ್ಲಿಸಿತು.

ಸುಂಕ ಜಾಸ್ತಿ ಆಯಿತು ಅಂತ ನಿಲ್ಲಿಸಿದ್ದಲ್ಲ. ಆ ಸುಂಕವನ್ನು ಯಾರು ವಸೂಲಿ ಮಾಡಬೇಕು, ಎಲ್ಲಿ ಕಟ್ಟಬೇಕು ಅನ್ನುವುದೇ ಸ್ಪಷ್ಟ ಇರಲಿಲ್ಲ. ವ್ಯವಸ್ಥೆ ಇನ್ನೂ ತಯಾರಾಗಿಲ್ಲ ಎಂದು ವಿಮಾನ ಕಂಪನಿಗಳು ಸರಕು ಒಯ್ಯಲು ಹಿಂದೇಟು ಹಾಕಿದವು. ಪಾರ್ಸೆಲ್ ಸೇವೆ ಮತ್ತೆ ಶುರುವಾಗುವಷ್ಟರಲ್ಲಿ ಅಕ್ಟೋಬರ್ 15 ಬಂದಿತ್ತು.

ಸುಂಕ ಎಷ್ಟು ಅಂತ ಬರೆಯುವುದು ಒಂದು ಸಹಿಯ ಕೆಲಸ. ಬಾಗಿಲಲ್ಲಿ ನಿಂತು ಅದನ್ನು ಎತ್ತುವುದು ಬೇರೆಯದೇ ಕೆಲಸ. ಅಮೆರಿಕ ಹುಟ್ಟಿದ ಹೊಸತರಲ್ಲೇ ಈ ಪ್ರಶ್ನೆ ಬಂದಿತ್ತು. ಆಗ ಸಿಕ್ಕ ಉತ್ತರ, ರೆವೆನ್ಯೂ ಕಟರ್ ಎಂಬ ಸಣ್ಣ ಹಾಯಿ ಹಡಗು. ಅಂಥ ಹಡಗುಗಳಲ್ಲಿ ಒಂದಾದ ‘ಈಗಲ್’ ಬದುಕಿದ್ದು ಬರೀ ಐದು ವರ್ಷ. ಆದರೆ ಸುಂಕ ಅನ್ನುವುದು ಸಮುದ್ರದ ಮೇಲೆ ಏನೇನು ಆಗಿಬಿಡುತ್ತದೆ ಎಂದು ತಿಳಿಯಲು ಅದರ ಕತೆ ಸಾಕು.

ಮೊದಲು ಹಣದ ಮಾತು. 1790ರಲ್ಲಿ ಅಮೆರಿಕ ಸಾಲದಲ್ಲಿ ಮುಳುಗಿತ್ತು. ಕೇಂದ್ರದ ಸಾಲವೇ ಸುಮಾರು 5.4 ಕೋಟಿ ಡಾಲರ್. ಸ್ವಾತಂತ್ರ್ಯ ಯುದ್ಧಕ್ಕೆ ರಾಜ್ಯಗಳು ಮಾಡಿದ್ದ ಇನ್ನೂ ಸುಮಾರು 2.5 ಕೋಟಿಯನ್ನೂ ಹೊಸ ಸರ್ಕಾರವೇ ಹೊರಲಿ ಎಂದ ಮೊದಲ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಆದಾಯ ತೆರಿಗೆ ಆಗ ಇರಲಿಲ್ಲ. ಭೂಮಿಗೆ ತೆರಿಗೆ ಹಾಕಿದರೆ ಜನ ಬೀದಿಗಿಳಿಯುತ್ತಾರೆ. ಉಳಿದದ್ದು ಹೊರಗಿನಿಂದ ಬರುವ ಸರಕಿನ ಮೇಲಿನ ಸುಂಕ ಒಂದೇ. ಆ ಕಾಲದಲ್ಲಿ ಕೇಂದ್ರ ಸರ್ಕಾರದ ಆದಾಯದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬರುತ್ತಿದ್ದದ್ದು ಬಂದರುಗಳಿಂದ. 2024ರಲ್ಲಿ ಅದೇ ಸುಂಕದ ಪಾಲು ಶೇ 2ನ್ನೂ ಮುಟ್ಟಿರಲಿಲ್ಲ. ಆಮೇಲೆ ಅದು ಏರಿದೆ ನಿಜ. ಆದರೂ ಹ್ಯಾಮಿಲ್ಟನ್ ಕಾಲಕ್ಕೂ ಈಗಿನದಕ್ಕೂ ಹೋಲಿಕೆ ಇಲ್ಲ. ಅವನಿಗೆ ಸುಂಕ ಅಂದರೆ ಅನ್ನದ ಪ್ರಶ್ನೆ.

ಇಲ್ಲಿ ಒಂದು ತಮಾಷೆ ಇದೆ. ಸುಂಕ ಕಟ್ಟಬೇಕಾದ ಈ ಜನ ಸುಂಕ ತಪ್ಪಿಸುವುದನ್ನು ದೇಶಭಕ್ತಿ ಎಂದೇ ಕಲಿತಿದ್ದರು. 1768ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಜಾನ್ ಹ್ಯಾನ್‌ಕಾಕ್‌ನ ‘ಲಿಬರ್ಟಿ’ ಎಂಬ ಹಡಗನ್ನು ಬ್ರಿಟಿಷ್ ಸುಂಕದವರು ಹಿಡಿದರು. ವೈನ್ ತಂದು ಸುಂಕ ಕಟ್ಟಿಲ್ಲ ಅನ್ನುವುದು ಆರೋಪ. ಊರಿಗೆ ಊರೇ ಗಲಾಟೆಗೆ ಎದ್ದಿತು. ಅದೇ ಹ್ಯಾನ್‌ಕಾಕ್ ಮುಂದೆ ಸ್ವಾತಂತ್ರ್ಯ ಘೋಷಣೆಯ ಮೇಲೆ ಎಲ್ಲರಿಗಿಂತ ದೊಡ್ಡ ಸಹಿ ಹಾಕಿದ. 1772ರಲ್ಲಿ ರೋಡ್ ಐಲೆಂಡ್ ಜನ ಕಳ್ಳಸಾಗಣೆ ತಡೆಯಲು ಬಂದಿದ್ದ ‘ಗ್ಯಾಸ್ಪೀ’ ಎಂಬ ಬ್ರಿಟಿಷ್ ಹಡಗಿಗೆ ರಾತ್ರೋರಾತ್ರಿ ಬೆಂಕಿ ಇಟ್ಟರು. ಇಂಥವರ ಹತ್ತಿರ ಹೋಗಿ, ಈಗ ಸರ್ಕಾರ ನಮ್ಮದೇ, ಸುಂಕ ಕಟ್ಟಿ ಅಂದರೆ ಕಟ್ಟುತ್ತಾರಾ?

ಹ್ಯಾಮಿಲ್ಟನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1787ರಲ್ಲೇ, ಸಂವಿಧಾನದ ಪರವಾಗಿ ಬರೆದ ಒಂದು ಲೇಖನದಲ್ಲಿ ಅವನು ಫ್ರಾನ್ಸಿನ ಉದಾಹರಣೆ ಕೊಟ್ಟಿದ್ದ. ಸುಂಕದ ಗಡಿ ಕಾಯಲು ಅಲ್ಲಿ 20,000ಕ್ಕೂ ಹೆಚ್ಚು ಕಾವಲುಗಾರರು ಬೇಕು. ಸುತ್ತ ನೆಲದ ಗಡಿ, ಎಲ್ಲಿಂದ ಬೇಕಾದರೂ ನುಸುಳಬಹುದು. ಅಮೆರಿಕಕ್ಕೆ ಹಾಗಲ್ಲ, ವ್ಯಾಪಾರವೆಲ್ಲ ಅಟ್ಲಾಂಟಿಕ್ ಕಡೆಯಿಂದ. ಬಂದರಿನ ಬಾಯಲ್ಲಿ ಕೆಲವೇ ಆಯುಧ ಹೊತ್ತ ಹಡಗು ನಿಲ್ಲಿಸಿದರೆ ಕಡಿಮೆ ಖರ್ಚಿನಲ್ಲಿ ಕಾನೂನಿಗೆ ಕಾವಲು ಸಿಗುತ್ತದೆ. ನಮ್ಮಲ್ಲಿ ಹಿಂದೆ ದಾರಿಗೆ ಅಡ್ಡವಾಗಿ ಸುಂಕದಕಟ್ಟೆ ಇರುತ್ತಿತ್ತಲ್ಲ, ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಹೆಸರಂತೂ ಇನ್ನೂ ಉಳಿದಿದೆ. ಹ್ಯಾಮಿಲ್ಟನ್ ಯೋಚಿಸಿದ್ದು ನೀರಿನ ಮೇಲಿನ, ಅಲ್ಲಿಂದಿಲ್ಲಿಗೆ ಓಡಾಡುವ ಸುಂಕದಕಟ್ಟೆ.

1790ರ ಆಗಸ್ಟ್ 4ರಂದು ಕಾಂಗ್ರೆಸ್ ಹತ್ತು ದೋಣಿಗಳಿಗೆ ಒಪ್ಪಿತು. ಒಂದಕ್ಕೆ ಸಾವಿರ ಡಾಲರಿನಂತೆ ಹತ್ತು ಸಾವಿರದ ಬಜೆಟ್. ಒಂದೊಂದರಲ್ಲೂ ಹತ್ತೇ ಜನ. ಒಬ್ಬ ಕ್ಯಾಪ್ಟನ್, ಅವನ ಕೈಕೆಳಗೆ ಮೇಟ್ ಎಂಬ ಮೂವರು ಅಧಿಕಾರಿಗಳು, ನಾಲ್ವರು ನಾವಿಕರು, ಇಬ್ಬರು ಹುಡುಗರು. ಕ್ಯಾಪ್ಟನ್‌ಗೆ ತಿಂಗಳಿಗೆ 30 ಡಾಲರ್, ನಾವಿಕನಿಗೆ 8, ಹುಡುಗರಿಗೆ 4. ಆಯುಧದ ಪಟ್ಟಿಯಲ್ಲಿ ಹತ್ತು ಬಂದೂಕು, ಇಪ್ಪತ್ತು ಪಿಸ್ತೂಲು, ಎರಡು ಉಳಿ, ಒಂದು ಕೊಡಲಿ, ಎರಡು ಲಾಂದ್ರ. ನನಗೆ ಇಷ್ಟವಾಗುವುದು ಆ ಎರಡು ಉಳಿ. ಯುದ್ಧಕ್ಕೆ ಹೋಗುವವರು ಉಳಿ ಒಯ್ಯುವುದಿಲ್ಲ. ಪೀಪಾಯಿ, ಪೆಟ್ಟಿಗೆ ತೆರೆದು ನೋಡುವವರಿಗೆ ಬೇಕಾಗುವ ಸಾಮಾನು ಅದು.

1791ರಲ್ಲಿ ನ್ಯೂಬರಿಪೋರ್ಟ್‌ನಲ್ಲಿ ನೀರಿಗಿಳಿದ ‘ಮ್ಯಾಸಚೂಸೆಟ್ಸ್’ ಈ ಹತ್ತರಲ್ಲಿ ಹೆಚ್ಚು ಹೆಸರು ಮಾಡಿದ್ದು. ಆದರೆ ಮರುವರ್ಷವೇ ಅದನ್ನು ಮಾರಿ, ಅದರ ಜಾಗಕ್ಕೆ ಬೇರೆಯದನ್ನು ತಂದರು. ಜಾರ್ಜ್ ವಾಷಿಂಗ್ಟನ್ ಸಹಿ ಹಾಕಿದ ಮೊದಲ ನೇಮಕಪತ್ರ ನ್ಯೂ ಹ್ಯಾಂಪ್‌ಶೈರ್‌ನ ಹೋಪ್ಲಿ ಯೇಟನ್‌ಗೆ ಸಿಕ್ಕಿತು. ಅದರ ತಾರೀಖು 1791ರ ಮಾರ್ಚ್ 21. ಅಂದಹಾಗೆ ಆಗ ಅಮೆರಿಕಕ್ಕೆ ನೌಕಾಪಡೆಯೇ ಇರಲಿಲ್ಲ. ಯುದ್ಧಕಾಲದ ಕೊನೆಯ ಹಡಗನ್ನೂ 1785ರಲ್ಲಿ ಮಾರಿಬಿಟ್ಟಿದ್ದರು. ಕೆಲವು ವರ್ಷ ಆ ದೇಶದ ಹೆಸರಲ್ಲಿ ಸಮುದ್ರದ ಮೇಲಿದ್ದ ಆಯುಧ ಅಂದರೆ ಈ ಸುಂಕದ ದೋಣಿಗಳಷ್ಟೇ.

ಇವು ಮಾಡುತ್ತಿದ್ದ ಕೆಲಸ ಏನು? ಹಡಗು ಬಂದರಿಗೆ ಬಂದ ಮೇಲೆ ಸುಂಕ ಕೇಳಿದರೆ ತಡವಾಗಿರುತ್ತಿತ್ತು. ದಡ ಕಾಣುವ ಮೊದಲೇ ಸಣ್ಣ ದೋಣಿಗಳು ಬಂದು ಅರ್ಧ ಸರಕನ್ನು ಇಳಿಸಿಕೊಂಡು ಹೋಗುತ್ತಿದ್ದವು. ಬಂದರಿಗೆ ಬರುತ್ತಿದ್ದದ್ದು ಮಿಕ್ಕಿದ್ದು. ಹಾಗಾಗಿ ದಡದಿಂದ ನಾಲ್ಕು ಲೀಗ್, ಅಂದರೆ 12 ನಾಟಿಕಲ್ ಮೈಲಿವರೆಗೆ ಹೋಗಿ ಹಡಗು ಹತ್ತುವ ಅಧಿಕಾರ ಕಟರ್‌ಗಳಿಗೆ ಇತ್ತು. ಹತ್ತಿದ ಅಧಿಕಾರಿ ಸರಕಿನ ಪಟ್ಟಿ ಕೇಳುತ್ತಾನೆ, ಅದಕ್ಕೆ ಸಹಿ ಹಾಕುತ್ತಾನೆ, ಸರಕು ಕೋಣೆಯ ಬಾಗಿಲಿಗೆ ಸೀಲ್ ಒತ್ತುತ್ತಾನೆ. ಬೇಕಾದರೆ ಒಬ್ಬನನ್ನು ಹಡಗಿನಲ್ಲೇ ಬಿಟ್ಟು ಬರುತ್ತಾನೆ. ಮುಂದೆ ಬಂದರಿನಲ್ಲಿ ಪಟ್ಟಿಗೂ ಸರಕಿಗೂ ತಾಳೆ ಬೀಳದಿದ್ದರೆ ಕತೆ ಮುಗಿಯಿತು. ನಮ್ಮ ಚೆಕ್‌ಪೋಸ್ಟ್‌ಗಳಲ್ಲಿ ಲಾರಿ ಡ್ರೈವರ್‌ ಮುಂದೆ ಚಾಚುತ್ತಿದ್ದ ಕಾಗದಗಳೂ ಇದೇ ಜಾತಿಯವು.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅನ್ನುತ್ತೇವಲ್ಲ. ಅವನಿಗೆ ಕಿವಿ ಇರುವುದಿಲ್ಲ, ಕೈ ಮಾತ್ರ ಇರುತ್ತದೆ. ಹ್ಯಾಮಿಲ್ಟನ್ ಹೆದರಿದ್ದು ಇದಕ್ಕೇ. 1791ರ ಜೂನ್ 4ರಂದು ಅವನು ಕಟರ್ ಕ್ಯಾಪ್ಟನ್‌ಗಳಿಗೆ ಒಂದು ಸುತ್ತೋಲೆ ಬರೆದ. ನಿಮ್ಮ ದೇಶದವರು ಸ್ವತಂತ್ರರು, ದಬ್ಬಾಳಿಕೆಯ ಸಣ್ಣ ವಾಸನೆ ಬಂದರೂ ಅವರು ಸಹಿಸುವುದಿಲ್ಲ ಅನ್ನುವುದು ಸದಾ ನೆನಪಿರಲಿ ಎಂದ. ಸೊಕ್ಕು, ಒರಟುತನ, ಅವಮಾನ ಇವೇನೂ ಕೂಡದು. ಅಡ್ಡಿ ಬಂದರೆ ತಾಳ್ಮೆಯಿಂದ, ಹದವಾಗಿ ಗೆಲ್ಲಿ, ಬಿರುಸಿನಿಂದ ಅಲ್ಲ. ಇದನ್ನು ಸುಮ್ನೆ ಒಳ್ಳೆಯ ಮಾತು ಎಂದು ಓದಿದರೆ ಹ್ಯಾಮಿಲ್ಟನ್ ಅರ್ಥವಾಗುವುದಿಲ್ಲ. ಇಡೀ ಕರಾವಳಿಗೆ ಹತ್ತು ದೋಣಿ, ದೋಣಿಗೆ ಹತ್ತು ಜನ. ಅಂದರೆ ಮೇನ್‌ನಿಂದ ಜಾರ್ಜಿಯಾವರೆಗೆ ನೂರೇ ಮಂದಿ. ಜನ ಮನಸ್ಸು ಮಾಡಿದರೆ ಇವರಿಂದ ಒಂದು ಪೀಪಾಯಿಯನ್ನೂ ತಡೆಯಲು ಆಗುತ್ತಿರಲಿಲ್ಲ. ಸುಂಕ ನಿಂತಿದ್ದದ್ದು ಬಂದೂಕಿನ ಮೇಲಲ್ಲ, ವ್ಯಾಪಾರಿಗಳು ಹೇಗೋ ಒಪ್ಪಿಕೊಂಡಿದ್ದರು ಅನ್ನುವುದರ ಮೇಲೆ. ಆ ಒಪ್ಪಿಗೆಯನ್ನು ಕೆಡಿಸಬೇಡಿ ಎಂದು ಅವನು ಕ್ಯಾಪ್ಟನ್‌ಗಳಿಗೆ ಹೇಳುತ್ತಿದ್ದ. ದರ ಮಿತಿಯಲ್ಲಿರುವವರೆಗೆ ಈ ಲೆಕ್ಕ ನಡೆಯಿತು ಕೂಡ.

ಹದಿನಾರು ವರ್ಷದ ನಂತರ ಅದನ್ನು ಕೆಡಿಸಿದ್ದು ಕ್ಯಾಪ್ಟನ್‌ಗಳಲ್ಲ, ಅಧ್ಯಕ್ಷ ಥಾಮಸ್ ಜೆಫರ್ಸನ್. ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ಯುದ್ಧದ ನಡುವೆ ಅಮೆರಿಕದ ಹಡಗುಗಳನ್ನು ಹಿಡಿಯುತ್ತಿದ್ದವು. ಯುದ್ಧ ಮಾಡುವ ಬದಲು ವ್ಯಾಪಾರವನ್ನೇ ಬಂದ್ ಮಾಡಿದರೆ ಅವರೇ ದಾರಿಗೆ ಬರುತ್ತಾರೆ ಎಂದು ಜೆಫರ್ಸನ್ ಲೆಕ್ಕ ಹಾಕಿದ. 1807ರ ಡಿಸೆಂಬರ್ 22ರಂದು ನಿರ್ಬಂಧದ ಕಾಯಿದೆ ಬಂತು. ಅಮೆರಿಕದ ಹಡಗು ಹೊರದೇಶಕ್ಕೆ ಹೋಗುವಂತಿಲ್ಲ. ಕಟರ್‌ಗಳು ಆಗ ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ಕೈಕೆಳಗಿದ್ದವು. ಅವನು ಮೊದಲೇ ಎಚ್ಚರಿಸಿದ್ದ. ಸರ್ಕಾರ ಹಾಕುವ ನಿಷೇಧಗಳು ಲೆಕ್ಕ ಹಾಕಿದ್ದಕ್ಕಿಂತ ಯಾವಾಗಲೂ ಜಾಸ್ತಿ ಕೆಡುಕು ಮಾಡುತ್ತವೆ ಎಂದು ಜೆಫರ್ಸನ್‌ಗೆ ಬರೆದಿದ್ದ. ಯಾರೂ ಕಿವಿಗೊಡಲಿಲ್ಲ. ಆಮೇಲೆ ಆ ನಿಷೇಧವನ್ನು ಜಾರಿ ಮಾಡುವ ಪಾಡು ಬಿದ್ದದ್ದೂ ಅವನ ತಲೆಗೇ.

1807ರಲ್ಲಿ 10.8 ಕೋಟಿ ಡಾಲರ್ ಇದ್ದ ರಫ್ತು ಮರುವರ್ಷ 2.2 ಕೋಟಿಗೆ ಇಳಿಯಿತು. ಕಾಗದದ ಮೇಲಿನ ಲೆಕ್ಕ ಇದು. ಕಳ್ಳದಾರಿಯಲ್ಲಿ ಹೋದದ್ದು ಬೇರೆ. ಕೆನಡಾ ಗಡಿಯ ಲೇಕ್ ಶಾಂಪ್ಲೇನ್‌ನಲ್ಲಿ ‘ಬ್ಲ್ಯಾಕ್ ಸ್ನೇಕ್’ ಎಂಬ ಕಪ್ಪು ದೋಣಿ ರಾತ್ರಿ ಹೊತ್ತು ಪೊಟ್ಯಾಶ್ ಸಾಗಿಸುತ್ತಿತ್ತು. 1808ರ ಆಗಸ್ಟ್‌ನಲ್ಲಿ ‘ಫ್ಲೈ’ ಎಂಬ ಸರ್ಕಾರಿ ದೋಣಿ ವರ್ಮಾಂಟ್‌ನ ವಿನೂಸ್ಕಿ ನದಿಯಲ್ಲಿ ಅದನ್ನು ಹಿಡಿಯಲು ಹೋಯಿತು. ಗುಂಡು ಹಾರಿ ಮೂವರು ಸತ್ತರು. ನವೆಂಬರ್‌ನಲ್ಲಿ ಸೈರಸ್ ಡೀನ್ ಎಂಬವನನ್ನು ಬರ್ಲಿಂಗ್ಟನ್‌ನಲ್ಲಿ ಗಲ್ಲಿಗೇರಿಸಿದರು. ಸ್ವಾತಂತ್ರ್ಯ ಬಂದು ಒಂದು ತಲೆಮಾರು ಕಳೆದಿತ್ತಷ್ಟೆ. ಗ್ಯಾಸ್ಪೀ ಸುಟ್ಟವರ ಮಕ್ಕಳು ಈಗ ತಮ್ಮದೇ ಸರ್ಕಾರದ ದೋಣಿಗೆ ಗುಂಡು ಹೊಡೆಯುವ ಹಂತಕ್ಕೆ ಬಂದಿದ್ದರು.

ಸರ್ಕಾರ ಏನು ಮಾಡಿತು? ಇನ್ನಷ್ಟು ದೋಣಿ ಕೇಳಿತು. 1809ರ ಜನವರಿಯಲ್ಲಿ ಹೊಸದಾಗಿ 12 ಕಟರ್‌ಗಳಿಗೆ ಮಂಜೂರಾತಿ ಸಿಕ್ಕಿತು. ಮಾರ್ಚ್‌ನಲ್ಲಿ ನಿರ್ಬಂಧವೇ ರದ್ದಾಯಿತು! ನಿಯಮ ಕೆಲಸ ಮಾಡದಿದ್ದರೆ ಮೊದಲು ಕಾವಲು ಹೆಚ್ಚಿಸುತ್ತಾರೆ, ಆಮೇಲೆ ನಿಯಮ ಬಿಡುತ್ತಾರೆ. ಇಲ್ಲಿ ಎರಡರ ನಡುವೆ ಎರಡೇ ತಿಂಗಳು.

ಅದೇ 1809ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ನಮ್ಮ ಈಗಲ್ ತಯಾರಾಯಿತು. ಆ ಹೆಸರಿನ ಮೂರನೆಯ ಕಟರ್ ಅದು. ಸುಮಾರು 130 ಟನ್ನಿನ, ಎರಡು ಕಂಬದ ಸ್ಕೂನರ್. ಕಟರ್ ಅಂದರೆ ಮೂಲದಲ್ಲಿ ಒಂದು ಕಂಬದ ವೇಗದ ಹಡಗು, ಬ್ರಿಟಿಷ್ ಸುಂಕದವರು ಬಳಸುತ್ತಿದ್ದದ್ದು. ಅಮೆರಿಕದಲ್ಲಿ ಹಡಗಿನ ಆಕಾರ ಬದಲಾದರೂ ಹೆಸರು ಅಂಟಿಕೊಂಡಿತು. ಕ್ಯಾಪ್ಟನ್ ಫ್ರೆಡರಿಕ್ ಲೀ ಅಲ್ಲೇ ಹತ್ತಿರದ, ಈಗ ಮ್ಯಾಡಿಸನ್ ಎಂದು ಕರೆಯುವ ಊರಿನವನು. ಮೊದಲ ಮೂರು ವರ್ಷ ಲಾಂಗ್ ಐಲೆಂಡ್ ಸೌಂಡ್ ಎಂಬ, ದಡಕ್ಕೂ ದ್ವೀಪಕ್ಕೂ ನಡುವಿನ ಕಡಲ ಪಟ್ಟಿಯಲ್ಲಿ ಅದೇ ಸರಕಿನ ಪಟ್ಟಿ, ಅದೇ ಸೀಲ್.

1812ರ ಜೂನ್ 18ರಂದು ಬ್ರಿಟನ್ ಮೇಲೆ ಯುದ್ಧ ಘೋಷಣೆಯಾಯಿತು. ಒಂದೇ ವಾರದಲ್ಲಿ ‘ಥಾಮಸ್ ಜೆಫರ್ಸನ್’ ಎಂಬ ಕಟರ್ ಸಕ್ಕರೆ ತುಂಬಿದ್ದ ಬ್ರಿಟಿಷ್ ಹಡಗನ್ನು ಹಿಡಿಯಿತು. ಯುದ್ಧದಲ್ಲಿ ಸಮುದ್ರದ ಮೇಲೆ ಸಿಕ್ಕ ಮೊದಲ ಬೇಟೆ ಅದು. ಆದರೆ ಬರಬರುತ್ತಾ ಬ್ರಿಟಿಷರು ಕರಾವಳಿಯನ್ನೇ ಮುತ್ತಿಕೊಂಡರು. ಈಗಲ್‌ನ ಕೆಲಸ ಪೂರ್ತಿ ತಿರುಗಿತು. ನಿನ್ನೆವರೆಗೆ ಯಾವ ವ್ಯಾಪಾರಿ ಹಡಗುಗಳನ್ನು ಅನುಮಾನದಿಂದ ನೋಡುತ್ತಿತ್ತೋ, ಅವನ್ನೇ ಈಗ ನ್ಯೂಯಾರ್ಕ್‌ಗೂ ನ್ಯೂ ಹೇವನ್‌ಗೂ ನಡುವೆ ಜೊತೆಗಿದ್ದು ದಾಟಿಸಬೇಕು.

1814ರ ಅಕ್ಟೋಬರ್ 10ರಂದು ನ್ಯೂ ಹೇವನ್‌ಗೆ ಸುದ್ದಿ ಬಂತು. ‘ಸೂಸನ್’ ಎಂಬ ಸರಕಿನ ಹಡಗನ್ನು ಶತ್ರುಗಳು ಹಿಡಿದಿದ್ದಾರೆ. ಬಿಡಿಸಿಕೊಂಡು ಬರೋಣ ಎಂದು ಲೀ ಹೊರಟ. ಊರಿನ ಜನ ಸ್ವಂತ ಇಷ್ಟದಿಂದ ಅವನ ಜೊತೆ ಹಡಗು ಹತ್ತಿದರು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆರು ವರ್ಷ ಹಿಂದೆ ನ್ಯೂ ಇಂಗ್ಲೆಂಡ್ ಎಂದು ಕರೆಯುವ ಅಮೆರಿಕದ ಇದೇ ಈಶಾನ್ಯ ಭಾಗದ ಜನಕ್ಕೆ ಕಟರ್ ಅಂದರೆ ಮೈ ಉರಿಯುತ್ತಿತ್ತು. ಈಗ ಸುಂಕದ ದೋಣಿ ಹತ್ತಿ ಸಾಯಲು ತಯಾರು. ದೋಣಿ ಬದಲಾಗಿರಲಿಲ್ಲ, ಅದು ಯಾರ ಸರಕನ್ನು ಕಾಯುತ್ತಿದೆ ಅನ್ನುವುದು ಬದಲಾಗಿತ್ತು.

ಮರುದಿನ ಬೆಳಗಾದಾಗ ಎದುರಿಗೆ 18 ಫಿರಂಗಿಗಳ ಬ್ರಿಟಿಷ್ ಯುದ್ಧ ಹಡಗು ‘ಡಿಸ್ಪ್ಯಾಚ್’. ಗಾಳಿ ಇಲ್ಲ, ಓಡಿಹೋಗುವಂತಿಲ್ಲ. ಈಗಲ್‌ನಲ್ಲಿದ್ದದ್ದು ಸಣ್ಣ ಸಣ್ಣ ಆರು ಫಿರಂಗಿ. ಲೀ ಹಡಗನ್ನು ಲಾಂಗ್ ಐಲೆಂಡ್‌ನ ಉತ್ತರ ದಡಕ್ಕೆ ನುಗ್ಗಿಸಿದ. ಅಲ್ಲಿ ಸುಮಾರು 160 ಅಡಿ ಎತ್ತರದ ಕಡಿದಾದ ಮಣ್ಣಿನ ದಿಬ್ಬ. ಫಿರಂಗಿಗಳನ್ನು ಹಡಗಿನಿಂದ ಇಳಿಸಿ, ಆ ದಿಬ್ಬದ ತುದಿಗೆ ಎಳೆದೊಯ್ದು, ಮೇಲಿನಿಂದ ಹೊಡೆಯಲು ಶುರು ಮಾಡಿದರು. ಕೆಳಗೆ ಈಗಲ್ ಚಿಂದಿಯಾಗುತ್ತಿತ್ತು.

ಫಿರಂಗಿಗೆ ಮದ್ದು ತುಂಬಿದ ಮೇಲೆ ಅದನ್ನು ಬಿಗಿಯಾಗಿ ಹಿಡಿದಿಡಲು ಬಟ್ಟೆಯನ್ನೋ ಕಾಗದವನ್ನೋ ತುರುಕಬೇಕು. ಅದು ಖಾಲಿಯಾಯಿತು. ಹಡಗಿನ ದಿನಚರಿ ಪುಸ್ತಕವನ್ನೇ ಹರಿದು ತುರುಕಿದರು. ಗುಂಡು ಮುಗಿಯಿತು. ಶತ್ರು ಹೊಡೆದು ದಿಬ್ಬದ ಮಣ್ಣಲ್ಲಿ ಹೂತಿದ್ದ ಗುಂಡುಗಳನ್ನು ಕಿತ್ತು ತೆಗೆದು, ತಮ್ಮ ಫಿರಂಗಿಗೆ ಹೊಂದುವಂಥವನ್ನು ವಾಪಸ್ ಹೊಡೆದರು. ಕೆಳಗೆ ಹಡಗಿನ ಬಾವುಟ ಮೂರು ಸಲ ಗುಂಡಿಗೆ ಹಾರಿಹೋಯಿತು. ಮೂರು ಸಲವೂ ಯಾರೋ ಇಳಿದುಹೋಗಿ ಮತ್ತೆ ಕಟ್ಟಿ ಬಂದರು.

ಆ ದಿನಚರಿ ಪುಸ್ತಕದ ಬಗ್ಗೆ ನನಗೆ ಸ್ವಲ್ಪ ಬೇಜಾರಿದೆ. ಯಾವ ದಿನ ಯಾವ ಹಡಗು ತಡೆದರು, ಎಲ್ಲಿ ಆಳ ಅಳೆದರು ಎಂದು ಬರೆದಿಡುವುದು ಹ್ಯಾಮಿಲ್ಟನ್ ಕಾಲದಿಂದ ಬಂದ ಪದ್ಧತಿ. ಈ ಹಡಗು ಮಾಡಿದ ಕೆಲಸದ ಅಷ್ಟೂ ಲೆಕ್ಕ ಬ್ರಿಟಿಷರ ಮೇಲೆ ಹೊಗೆಯಾಗಿ ಹಾರಿಹೋಯಿತು.

ಡಿಸ್ಪ್ಯಾಚ್ ಹಿಂದೆ ಸರಿಯಿತು. ಲೀ ಮತ್ತು ಅವನ ಜನ ತೂತುಬಿದ್ದ ಈಗಲ್ ಅನ್ನು ಹೇಗೋ ತೇಲಿಸಿದರು. ಆದರೆ ಬ್ರಿಟಿಷರು ಈ ಸಲ ‘ನಾರ್ಸಿಸಸ್’ ಎಂಬ ದೊಡ್ಡ ಫ್ರಿಗೇಟನ್ನು ಕರೆದುಕೊಂಡು ಬಂದರು. ಅಕ್ಟೋಬರ್ 13ರಂದು ಈಗಲ್ ಅವರ ಪಾಲಾಯಿತು. ಹಿಂದಿನ ವರ್ಷ ವರ್ಜೀನಿಯಾದ ಯಾರ್ಕ್ ನದಿಯಲ್ಲಿ ‘ಸರ್ವೇಯರ್’ ಎಂಬ ಕಟರನ್ನು ರಾತ್ರಿ ದಾಳಿ ಮಾಡಿ ಹಿಡಿದವರೂ ಇದೇ ನಾರ್ಸಿಸಸ್ ಜನ. ಲೀ ಬದುಕುಳಿದ. 1821ರಲ್ಲಿ ತನ್ನೂರಲ್ಲಿ ಒಂದು ಶಾಲೆ ಕಟ್ಟಿಸಿದ.

ಲೆಕ್ಕದ ಪ್ರಕಾರ ಇದೊಂದು ಸೋಲು. ಸೂಸನ್ ಸಿಗಲಿಲ್ಲ, ಈಗಲ್ ಹೋಯಿತು. ಆದರೆ ಆಮೇಲೆ ಯಾರೂ ಕಟರ್‌ಗಳನ್ನು ಬರೀ ಸುಂಕದ ದೋಣಿ ಎಂದು ನೋಡಲಿಲ್ಲ. ಕಡಲ್ಗಳ್ಳರು, ಗುಲಾಮರ ಹಡಗು, ಮುಳುಗುವವರ ರಕ್ಷಣೆ, ಬೇರೆ ಯಾರಿಗೂ ಸೇರದ ಕೆಲಸಗಳೆಲ್ಲ ಅವುಗಳ ತಲೆಗೆ ಬಂದವು. 1915ರಲ್ಲಿ ಈ ಪಡೆಯನ್ನು ಜೀವರಕ್ಷಣಾ ಪಡೆಯ ಜೊತೆ ಸೇರಿಸಿ ಕೋಸ್ಟ್ ಗಾರ್ಡ್ ಮಾಡಿದರು. ಇವತ್ತಿಗೂ ಅಲ್ಲಿ 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗಿಗೆ ಕಟರ್ ಎಂದೇ ಹೆಸರು, ಆಗಸ್ಟ್ 4 ಅವರ ಹುಟ್ಟುಹಬ್ಬ. ಸುಂಕದ ಕೆಲಸ ಮಾತ್ರ ಈಗ ಬೇರೆಯವರದು.

ಸಮುದ್ರದಲ್ಲಿ ಹಡಗು ಹತ್ತಿ ಸುಂಕ ಕಾಯುವ ಕಾಲ ಹೋಗಿದೆ. ಈಗಿನ ಕಳ್ಳದಾರಿ ಕಾಗದದಲ್ಲಿದೆ. ಒಂದು ದೇಶದಲ್ಲಿ ತಯಾರಾದ ಮಾಲಿಗೆ ಇನ್ನೊಂದು ದೇಶದ ಚೀಟಿ, ಸಾವಿರದ ಸಾಮಾನಿಗೆ ನೂರರ ಬಿಲ್. 2025ರ ಜುಲೈ ಕೊನೆಯಲ್ಲಿ ಅಮೆರಿಕ ಹೀಗೆ ಮೂಲ ಮುಚ್ಚಿಟ್ಟು ತರುವ ಸರಕಿನ ಮೇಲೆ ಶೇ 40 ಸುಂಕ ಎಂದು ಹೇಳಿದ್ದು ಇದಕ್ಕೇ. ಭಾರತದ ಸರಕಿಗೆ ಆಗಸ್ಟ್ 27ರಂದು ಶೇ 50 ಬಂತು. ದರ ಏರಿದಷ್ಟೂ ಸುಳ್ಳು ಚೀಟಿಯ ಲಾಭ ಏರುತ್ತದೆ, ಅದನ್ನು ಹಿಡಿಯುವ ಖರ್ಚೂ ಏರುತ್ತದೆ. ಗ್ಯಾಲಟಿನ್ ಬರೆದದ್ದು ಇದನ್ನೇ ಅಲ್ವಾ? 2025ರ ಜನವರಿಯಲ್ಲಿ ಡೊನಾಲ್ಡ್ ಟ್ರಂಪ್ ಸುಂಕ ವಸೂಲಿಗೆ ‘ಎಕ್ಸ್‌ಟರ್ನಲ್ ರೆವೆನ್ಯೂ ಸರ್ವೀಸ್’ ಎಂಬ ಹೊಸ ಸಂಸ್ಥೆ ಮಾಡುತ್ತೇನೆ ಎಂದರು. ಆ ಕೆಲಸಕ್ಕೆ ಅಮೆರಿಕದಲ್ಲಿ 1789ರಿಂದಲೇ ಕಸ್ಟಮ್ಸ್ ಇದೆ. ಕೊರತೆ ಇರುವುದು ಹೆಸರಿನದಲ್ಲ, ಬಾಗಿಲಲ್ಲಿ ನಿಲ್ಲುವ ಕೈಗಳದು.

ಆ ಕೈಗಳಿಗೆ ಸಂಬಳ ಕೊಡುವ ವಿಚಾರವೂ ಹಳೆಯದೇ. ಕೋಸ್ಟ್ ಗಾರ್ಡ್ 1967ರಲ್ಲಿ ಖಜಾನೆಯಿಂದ ಸಾರಿಗೆ ಇಲಾಖೆಗೆ, 2003ರಲ್ಲಿ ಆಂತರಿಕ ಭದ್ರತಾ ಇಲಾಖೆಗೆ ಹೋಯಿತು. ಸೈನ್ಯವೂ ಹೌದು, ರಕ್ಷಣಾ ಇಲಾಖೆಗೆ ಸೇರಿದ್ದಲ್ಲ. 2018ರ ಡಿಸೆಂಬರ್ 22ರಿಂದ 35 ದಿನ ಅಮೆರಿಕ ಸರ್ಕಾರದ ಕೆಲಸ ನಿಂತಾಗ ರಕ್ಷಣಾ ಇಲಾಖೆಗೆ ಹಣ ಮಂಜೂರಾಗಿತ್ತು, ಇವರ ಇಲಾಖೆಗೆ ಆಗಿರಲಿಲ್ಲ. ಮಿಕ್ಕ ಸೈನಿಕರಿಗೆ ಸಂಬಳ ಬಂತು. 2019ರ ಜನವರಿ 15ರಂದು ಕೋಸ್ಟ್ ಗಾರ್ಡ್‌ನವರಿಗೆ ಬರಲಿಲ್ಲ. ಖಜಾನೆ ತುಂಬಲೆಂದೇ ಹುಟ್ಟಿದ ಪಡೆ ಅದು.

ಈಗಲೂ ಆ ಪಡೆಯಲ್ಲಿ ಈಗಲ್ ಹೆಸರಿನ ಹಡಗೊಂದಿದೆ. 295 ಅಡಿ ಉದ್ದ, ಬಿಳಿ ಮೈ, ಮೂರು ಕಂಬ, ಪೂರ್ತಿ ಹಾಯಿ. ಹೊಸ ಕೆಡೆಟ್‌ಗಳು ಹಗ್ಗ ಎಳೆಯುವುದನ್ನು ಕಲಿಯುವುದು ಅದರಲ್ಲಿ. ಅದನ್ನು ಕಟ್ಟಿದ್ದು ಅಮೆರಿಕದವರಲ್ಲ. 1936ರಲ್ಲಿ ಹ್ಯಾಂಬರ್ಗ್‌ನಲ್ಲಿ ಜರ್ಮನ್ ನೌಕಾಪಡೆಗೆ ಎಂದು ಕಟ್ಟಿದ್ದು. ಯುದ್ಧ ಸೋತ ಜರ್ಮನಿಯಿಂದ ಅದು ಅಮೆರಿಕದ ಪಾಲಿಗೆ ಬಂತು, 1946ರಲ್ಲಿ ಈ ಹೆಸರಿಟ್ಟರು. ಅದರ ತವರು ಬಂದರು ಕನೆಕ್ಟಿಕಟ್‌ನ ನ್ಯೂ ಲಂಡನ್, ಫ್ರೆಡರಿಕ್ ಲೀ ಹೊರಟ ನ್ಯೂ ಹೇವನ್‌ನಿಂದ ಅದೇ ಸೌಂಡ್‌ನಲ್ಲಿ ಸ್ವಲ್ಪ ಮೂಡಲಿಗೆ.